ಮುರಿದ ಟ್ಯೂಬ್‌ಲೈಟು

ನಮ್ಮ ಕಟ್ಟಡದಲ್ಲಿ ಆಕೆಗೆ ಎಲ್ಲರೂ ಇಟ್ಟ ಹೆಸರು ಜಗಳಗಂಟಿ. ಹದಿನೆಂಟು ವರ್ಷದಿಂದ ನಾಲ್ಕು ಮಹಡಿಯ ಕಸ ಹೊರುವವಳಿಗೆ ಬಾಯಿಯೂ ಜೋರಿಲ್ಲದಿದ್ದರೆ ಈ ಜನ ಅವಳನ್ನೇ ಚೀಲಕ್ಕೆ ತುಂಬಿ ಎಸೆಯುತ್ತಿದ್ದರು.

ಆಕೆಯದು ಒಂದೇ ಹಟ. ಸುಟ್ಟುಹೋದ ಟ್ಯೂಬ್‌ಲೈಟನ್ನು ಕಸದ ಚೀಲಕ್ಕೆ ಹಾಕಕೂಡದು. ಒಡೆಯದೆ, ರಟ್ಟಿನ ಕವರಿನಲ್ಲಿಟ್ಟು ಅವಳ ಕೈಗೇ ಕೊಡಬೇಕು. ಒಳಗೆ ಪಾದರಸವಿರುತ್ತದೆ, ಒಡೆದರೆ ಅದರ ಆವಿ ಉಸಿರಿಗೆ ಸೇರುತ್ತದೆ. ತಿಂಗಳಿಗೊಮ್ಮೆ ಬರುವ ಬೇರೆ ಗಾಡಿಗೆ ಆಕೆಯೇ ಅವನ್ನೆಲ್ಲ ಒಪ್ಪಿಸುತ್ತಾಳೆ. ಇಷ್ಟು ಮಾಡಲೂ ನಮ್ಮವರಿಗೆ ಪುರುಸೊತ್ತಿಲ್ಲ. ನಾಲ್ಕಡಿ ಉದ್ದದ್ದು ಚೀಲದಲ್ಲಿ ಹಿಡಿಸುವುದಿಲ್ಲವೆಂದು ಪೇಪರು ಸುತ್ತಿ, ಲಟಕ್ಕೆಂದು ಮುರಿದು ತುರುಕುತ್ತಾರೆ. ಮಹಾ ಬುದ್ಧಿವಂತರು!

ಕೆಳಗಿನ ಕೋಣೆಯಲ್ಲಿ ಆ ಚೀಲಗಳನ್ನು ಬಿಚ್ಚಿ ವಿಂಗಡಿಸುವವಳು ಆಕೆಯ ಸೊಸೆ, ಏಳು ತಿಂಗಳ ಬಸುರಿ. ಮೊನ್ನೆ ಬೆಳಿಗ್ಗೆ ಚೀಲದೊಳಗೆ ಕೈ ಹಾಕಿದವಳಿಗೆ ಬೆರಳು ಕುಯ್ದು, ಬಿಳಿ ಪುಡಿ ಮುಖಕ್ಕೆ ಹಾರಿತು. ಅತ್ತೆ ಅವಳನ್ನು ಹೊರಗಟ್ಟಿ, ಕಿಟಕಿ ತೆರೆದಿಟ್ಟು, ಪುಡಿ ಹಾರೀತೆಂದು ಪೊರಕೆ ಮುಟ್ಟದೆ ಚೂರುಗಳನ್ನು ರಟ್ಟಿನಿಂದ ಬಳಿದು ಬಾಟಲಿಗೆ ತುಂಬಿ ಮುಚ್ಚಳ ಬಿಗಿದಳು. ಸುತ್ತಿದ್ದ ಪೇಪರಿನ ಮೇಲೆ, ಪೇಪರು ಹಾಕುವ ಹುಡುಗ ಗೀಚಿದ್ದ, ಮೂರನೇ ಮಹಡಿಯ ನಿವೃತ್ತ ಮೇಷ್ಟರ ಮನೆ ನಂಬರಿತ್ತು.

ನಾನು ಪಕ್ಕದ ಮನೆಯವನು. ಗಲಾಟೆ ಕೇಳಿ ಬಾಗಿಲು ತೆರೆದಾಗ ಆಕೆ ಬಾಟಲಿಯನ್ನು ಮೇಷ್ಟರ ಹೊಸ್ತಿಲ ಮೇಲಿಟ್ಟು ನಿಂತಿದ್ದಳು.

"ಎಷ್ಟು ಸಲ ಹೇಳ್ಬೇಕು ಮೇಷ್ಟ್ರೇ? ನನ್ನ ಸೊಸೆ ಬಸುರಿ. ಹೊಟ್ಟೇಲಿರೋ ಕೂಸಿಗೆ ಏನಾದ್ರೂ ಆದ್ರೆ?"

"ಒಂದು ಗಾಜಿನ ಚೂರಿಗೆ ಇಷ್ಟು ರಂಪಾನಾ? ನಾವು ಸಣ್ಣೋರಿದ್ದಾಗ ಪಾದರಸಾನ ಅಂಗೈಲಿಟ್ಕೊಂಡು ಆಡ್ತಿದ್ವಿ. ಏನೂ ಆಗಲ್ಲ, ಹೋಗಮ್ಮ."

"ಏನಾದ್ರೂ ಆದ್ರೆ ಅಂತ ಕೇಳ್ದೆ."

"ಅಷ್ಟು ಭಯ ಇದ್ರೆ ಅವಳನ್ನ ಮನೇಲಿ ಕೂರಿಸ್ಕೋ."

ನನಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳಿಗೆ ಪಾಠ ಹೇಳಿದ ಬಾಯಿ ಅದು!

ಅಷ್ಟರಲ್ಲಿ ಮೇಷ್ಟರ ಕಾಲಿನ ಸಂದಿಯಿಂದ ಮೊಮ್ಮಗು ಅಂಬೆಗಾಲಿಟ್ಟು ಬಂದು, ಬಾಟಲಿಯತ್ತ ಕೈ ಚಾಚಿತು.

"ಅಯ್ಯಯ್ಯೋ! ಮುಟ್ಬೇಡ ಮುಟ್ಬೇಡ, ವಿಷ ಅದು!" ಎಂದು ಮೇಷ್ಟರು ಚೀರಿದರು.

ಅವರು ಬಗ್ಗುವ ಮೊದಲೇ ಆಕೆ ಬಾಟಲಿಯನ್ನು ಮೇಲಕ್ಕೆತ್ತಿಕೊಂಡಿದ್ದಳು.

"ಹಾಗಾದ್ರೆ ನಿಮಗೆ ಗೊತ್ತಿತ್ತು" ಎಂದಳು.

ಮೇಷ್ಟರು ಮಗುವನ್ನೆತ್ತಿಕೊಂಡು, ಏನನ್ನೂ ಮುಟ್ಟದಿದ್ದ ಅದರ ಪುಟ್ಟ ಕೈಯನ್ನು ಪಂಚೆಯ ಅಂಚಿನಿಂದ ಮತ್ತೆ ಮತ್ತೆ ಒರೆಸಿ, ಆಕೆಯ ಮುಖಕ್ಕೆ ಬಾಗಿಲು ಹಾಕಿದರು.