ಎಲ್ಲ ಒಟ್ಟೊಟ್ಟಿಗೇ ಆಗ್ಬೇಕು

ಮಲೇಷ್ಯಾದ ನಿಲಾಯ್‌ನ ನಮ್ಮ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರಾಗಿದ್ದವರು ಉಡುಪಿ ಕಡೆಯವರು. ಸೋಡಾಗ್ಲಾಸಿನ ಕನ್ನಡಕವನ್ನು ಬೆರಳಿನಿಂದ ಮೂಗಿನ ಮೇಲಕ್ಕೆ ಒತ್ತಿ, "ಎಲ್ಲ ಒಟ್ಟೊಟ್ಟಿಗೇ ಆಗ್ಬೇಕು ಮಾರಾಯ್ರೆ, ಒಂದಾದ ಮೇಲೆ ಒಂದು ಅಂತ ಕೂತ್ರೆ ಮುಗೀತು ಕತೆ" ಎನ್ನುತ್ತಿದ್ದರು.

ಕೊರೋನಾ ಬಂದು ಕಾರ್ಖಾನೆಯೂ ವೈದ್ಯರ ಫೇಸ್ ಶೀಲ್ಡ್ ತಯಾರಿಕೆಗೆ ಇಳಿದಾಗ ಆ ಮಾತಿಗೆ ಸುಗ್ಗಿ. ನಾನಿನ್ನೂ ವಿನ್ಯಾಸದ ಗೆರೆ ಎಳೆಯುತ್ತಿದ್ದೆ. ಅತ್ತ ಅಚ್ಚು ಕೊರೆಯುವ ಕೆಲಸ ಶುರುವಾಗಿತ್ತು. ಅದು ಮುಗಿಯುವ ಮೊದಲೇ, "ಗುಣಮಟ್ಟ ಪರೀಕ್ಷಿಸಲಾಗಿದೆ" ಎಂದು ಮುದ್ರಿಸಿದ ರಟ್ಟಿನ ಪೆಟ್ಟಿಗೆಗಳು ಬಂದು ಬಿದ್ದವು. ಪರೀಕ್ಷಿಸಬೇಕಾದ ಶೀಲ್ಡ್ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಆಸ್ಪತ್ರೆಗೆ ಹೋಗುವ ಲಾರಿ ಬಾಗಿಲಿಗೆ ಬಂದು ನಿಂತ ಮೇಲೆ ಅವರು ಮೊದಲ ಶೀಲ್ಡನ್ನು ತೊಟ್ಟು ನೋಡಿದರು. ಕನ್ನಡಕಕ್ಕೆ ತಗುಲಿ ಅದು ಮುಖದ ಮೇಲೆ ಕೂರಲೇ ಇಲ್ಲ.

"ಸರ್, ಡಾಕ್ಟರುಗಳಲ್ಲಿ ಅರ್ಧಕ್ಕರ್ಧ ಜನ ಕನ್ನಡಕ ಹಾಕೋರು," ಎಂದೆ.

ಅವರು ಕೊಂಚ ಯೋಚಿಸಿ, ತಮ್ಮ ಕನ್ನಡಕ ತೆಗೆದು ಜೇಬಿಗಿಟ್ಟರು. ಶೀಲ್ಡ್ ಸೊಗಸಾಗಿ ಕೂತಿತು.

"ಪಾಸ್ ಲಾ!" ಎಂದು ಮಲೇಷ್ಯಾದವರ ಧಾಟಿಯಲ್ಲಿ ಹೇಳಿ ಪೆನ್ನು ತೆಗೆದು, ಒಪ್ಪಿಗೆಯ ಕಾಗದದ ಮೇಲೆ ಬಗ್ಗಿ ತಡಕಾಡಿದರು.

"ಸೈನ್ ಎಲ್ಲಿ ಹಾಕೂದು ಮಾರಾಯ್ರೆ, ಸ್ವಲ್ಪ ಬೆರಳಿಟ್ಟು ತೋರ್ಸಿ."