ಕುಂಕುಮದ ತೂಕ

ದ್ರಾವಣದೊಳಗೆ ಲೇಸರ್ ಹಾಯಿಸಿ, ಬೆಳಕು ಎಷ್ಟು ಚದುರುತ್ತದೆಂದು ನೋಡಿ ಅಣುವಿನ ತೂಕ ಹೇಳುವ ಯಂತ್ರವೊಂದು ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿದೆ. ದ್ರಾವಣಕ್ಕೆ ಧೂಳು ಬಿದ್ದರೆ ಅದು ತೂಕವನ್ನು ಹೆಚ್ಚಿಸಿ ಹೇಳುತ್ತದೆ.

ದಸರಾ ರಜೆ ಮುಗಿದ ದಿನ ಸಂಶೋಧನಾ ವಿದ್ಯಾರ್ಥಿನಿ ಸವಿತಾ ಹುಣಸೆಬೀಜದ ಗೋಂದನ್ನು ಅಳೆದಳು. ಅವಳ ಗೈಡ್ ವರ್ಷಗಳಿಂದ ಬಯಸುತ್ತಿದ್ದ ಭಾರೀ ತೂಕವೇ ಬಂತು. ಇನ್ನು ಪ್ರಬಂಧ ಮುಗಿದಂತೆಯೇ.

ಯಂತ್ರ ನೋಡಿಕೊಳ್ಳುವ ನಾನು ದ್ರಾವಣವಿದ್ದ ಗಾಜಿನ ನಳಿಗೆಯನ್ನು ಎತ್ತಿ ನೋಡಿದೆ. ಆಯುಧಪೂಜೆಯಲ್ಲಿ ನಮ್ಮವರು ಯಂತ್ರಕ್ಕಷ್ಟೇ ಅಲ್ಲ, ತೊಳೆದಿಟ್ಟ ನಳಿಗೆಗಳಿಗೂ ಕುಂಕುಮ ಹಚ್ಚಿದ್ದರು.

“ಒಳಗೂ ಉದುರಿದೆ ಕಣಮ್ಮ,” ಎಂದೆ.

“ಇದೇ ಇರ್ಲಿ ಬುಡಿ ಸಾರ್. ದೇವರೇ ಕೊಟ್ಟಂಗಿದೆ,” ಎಂದಳು. ನಗಲಿಲ್ಲ.

ಬಂದ ತೂಕವನ್ನು ಇನ್ನೊಮ್ಮೆ ನೋಡಿ, ಆಮೇಲೆ ತಾನೇ ಎದ್ದು ನಳಿಗೆ ತೊಳೆದಳು. ಹೊಸ ದ್ರಾವಣವನ್ನು ಸೋಸಿ ಹಾಕಿದಳು. ತೂಕ ಅರ್ಧಕ್ಕಿಂತ ಕೆಳಗಿಳಿಯಿತು. ಅದನ್ನೇ ಉಳಿಸಿಕೊಂಡು ಮೊದಲಿನದನ್ನು ಅಳಿಸಿದಳು.

ಸಂಜೆ ಗೈಡ್ ಬಂದು ನಡೆದದ್ದೆಲ್ಲ ಕೇಳಿ, “ಮೊದಲನೇ ರೀಡಿಂಗ್ ಇದೆ ತಾನೇ?” ಎಂದರು.

“ಡಿಲೀಟ್ ಮಾಡ್ಬಿಟ್ಟೆ ಸಾರ್.”

ಅವರು ಯಂತ್ರದ ಮುಂದೆ ತಲೆ ತಗ್ಗಿಸಿ ನಿಂತುಬಿಟ್ಟರು. ಅಷ್ಟು ಭಕ್ತಿಯ ಮೌನವನ್ನು ಪೂಜೆಯ ದಿನವೂ ನಾನು ಅಲ್ಲಿ ಕಂಡಿರಲಿಲ್ಲ.