ಚಹಾದಕ್ಕ

ಸಿನಿಮಾ ನೋಡುವಾಗ ನನ್ನದೊಂದು ಕೆಟ್ಟ ಚಾಳಿ. ನಾಯಕ, ನಾಯಕಿ ಕಣ್ಣೀರಿಡುತ್ತಿದ್ದರೆ ನನ್ನ ಕಣ್ಣು ಅವರ ಹಿಂದೆ ಚಹಾ ತಂದಿಡುವವಳ ಮೇಲಿರುತ್ತದೆ. ಮದುವೆಮನೆಯಲ್ಲೂ ನಾನು ವಧುವಿಗಿಂತ ಬಡಿಸುವವರನ್ನೇ ಹೆಚ್ಚು ನೋಡುತ್ತೇನೆ. ಅದಕ್ಕೊಂದು ಕಾರಣವಿದೆ.

ಸಿಂಗಾಪುರದ ತುಂಬ ಕಾಂಡೊ ಎಂಬ ದುಬಾರಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಆ ವರ್ಷಗಳಲ್ಲಿ ನಾನು ಸೆರಂಗೂನಿನ ನಮ್ಮ ಬಾಡಿಗೆ ಫ್ಲ್ಯಾಟಿಗೆ ಲೈಬ್ರರಿಯಿಂದ ಹಳೆಯ ಜಪಾನಿ ಚಿತ್ರಗಳ ಡಿವಿಡಿ ತರುತ್ತಿದ್ದೆ. ಅವುಗಳಲ್ಲಿ ಒಬ್ಬಾಕೆ ಎಲ್ಲೆಲ್ಲೂ ಇದ್ದಳು. ಕಪ್ಪುಬಿಳುಪಿನಲ್ಲಿ ಮನೆಗೆಲಸದ ಹುಡುಗಿ, ಬಣ್ಣ ಬಂದಮೇಲೆ ಪಕ್ಕದ ಮನೆಯಾಕೆ, ಆಮೇಲೆ ತಾಯಿ, ಕೊನೆಗೆ ಮೊದಲರ್ಧದಲ್ಲೇ ಸಾಯುವ ಅಜ್ಜಿ. ಅಷ್ಟೂ ಚಿತ್ರಗಳ ಮಾತು ಕೂಡಿಸಿದರೂ ನನ್ನ ಹೆಂಡತಿ ಒಂದು ಬೆಳಿಗ್ಗೆ ಆಡುವಷ್ಟಾಗದು. ಹೆಸರುಗಳೆಲ್ಲ ಜಪಾನಿ ಲಿಪಿಯಲ್ಲಿ, ಓದಲು ಬಾರದು. ನಾನೇ ಚಹಾದಕ್ಕ ಎಂದು ಹೆಸರಿಟ್ಟೆ. ಬಟ್ಟಲು ಇಡುವಾಗ ಆಕೆಯ ಕೈ ಒಂದು ಕ್ಷಣ ತಡೆಯುತ್ತಿತ್ತು, ಕುಡಿಯುವವನ ದುಃಖ ಬಲ್ಲವಳಂತೆ. ಇದನ್ನು ಯಾರೂ ಆಕೆಗೆ ಹೇಳಿರಲಿಕ್ಕಿಲ್ಲ, ನಾನಾದರೂ ಹೇಳಬೇಕು ಎಂಬ ಆಸೆ ತಲೆಯಲ್ಲಿ ಕೂತುಬಿಟ್ಟಿತು.

ಒಂದು ದಿನ ಪತ್ರಿಕೆಯಲ್ಲಿ ಆಕೆಯ ಫೋಟೋ! ಚಿತ್ರೋತ್ಸವಕ್ಕೆ ಬರುತ್ತಾಳಂತೆ. ಹೆಂಡತಿಯನ್ನು ಹೊರಡಿಸಿಕೊಂಡು ಓಡಿದೆ. ಜನರೆಲ್ಲ ನಾಯಕನಟನ ಸುತ್ತ ಮುತ್ತಿದ್ದರು. ಚಹಾದಕ್ಕ ಮೂಲೆಯಲ್ಲಿ ನಿಂತಿದ್ದರು. ಪರದೆಯ ಮೇಲೆ ಏಕವಚನವಾಗಿದ್ದವರು ಎದುರಿಗೆ ತಾವಾಗಿಯೇ ಬಹುವಚನವಾದರು.

ಹಿರಿಯರನ್ನು ಕಂಡರೆ ಕಾಲು ಮುಟ್ಟುವುದು ನಮ್ಮ ಬಾಗಲಕೋಟೆಯ ರೂಢಿ. ಬಾಗಿದೆ. ತಮ್ಮ ರೂಢಿಯಂತೆ ಅವರೂ ಬಾಗಿದರು. ಪಾದ ಸಿಗಲಿಲ್ಲವೆಂದು ನಾನು ಇನ್ನಷ್ಟು ಬಾಗಿದೆ. ತಮಗಿಂತ ತಗ್ಗಿದವನನ್ನು ಕಂಡು ಅವರು ಇನ್ನೂ ತಗ್ಗಿದರು. ತಲೆಗೆ ತಲೆ ಟಪ್ಪೆಂದಿತು. ಆಗ ಮಾತ್ರ ಜನ ನಮ್ಮ ಕಡೆ ತಿರುಗಿ ನೋಡಿದರು.

ಹಣೆ ಉಜ್ಜಿಕೊಳ್ಳುತ್ತ, ದುಭಾಷಿ ಹೆಂಗಸಿನ ಮೂಲಕ ಎಲ್ಲ ಹೇಳಿದೆ. ಯುದ್ಧದಿಂದ ಮರಳಿದ ಮಗನ ಮುಂದೆ ಬಟ್ಟಲು ಇಟ್ಟದ್ದು, ಕೈ ತಡೆದದ್ದು. ಅವರು ಗಮನವಿಟ್ಟು ಕೇಳಿ ಮೆಲ್ಲಗೆ ಏನೋ ಅಂದರು. ದುಭಾಷಿ ನೆಲ ನೋಡುತ್ತ ತಿಳಿಸಿದಳು: ಆ ಚಿತ್ರದಲ್ಲಿದ್ದವರು ಇವರಲ್ಲವಂತೆ, ಇವರ ಗೆಳತಿಯಂತೆ. ನಾನು ಹೇಳಿದ ಚಿತ್ರಗಳಲ್ಲಿ ಅರ್ಧ ಆ ಗೆಳತಿಯವೇ ಅಂತೆ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾತ್ರ ಕೈಚೀಲದಿಂದ ಪುಟ್ಟ ಪುಸ್ತಕ, ಪೆನ್ಸಿಲ್ ತೆಗೆದರು. ‘ಕೈ ಯಾವಾಗ ತಡೆಯಿತು, ಇನ್ನೊಮ್ಮೆ ಹೇಳಿ. ಅವಳಿಗೆ ಸರಿಯಾಗಿ ತಿಳಿಸಬೇಕು’ ಎಂದು ಕೇಳಿ, ಬರೆದುಕೊಂಡರು.

ಮರಳುವಾಗ ಎಂಆರ್‌ಟಿ ರೈಲಿನಲ್ಲಿ ಹೆಂಡತಿ ನಗು ತಡೆಯಲಾರದೆ ಹೇಳಿದಳು: “ಆಫೀಸಿನ್ಯಾಗ ನಿಮ್ಮನ್ನ ಶೆಟ್ಟಿ ಅಂತ ಕರದ್ರ ಮನಿಗೆ ಬಂದು ಹಾರಾಡ್ತೀರಿ. ಈಗ ನೀವು ಮಾಡಿದ್ದೇನ್ರೀ?”

ನಿಜವೇ. ನಮ್ಮ ಮ್ಯಾನೇಜರ್‌ಗೆ ಮೂರು ವರ್ಷದಿಂದ ನಾನೂ ಉಡುಪಿಯ ಶೆಟ್ಟಿಯೂ ಒಬ್ಬನೇ. ಮರುದಿನ ಜುರಾಂಗ್ ಐಲ್ಯಾಂಡಿನಲ್ಲಿ ಕಂಪನಿ ಬಸ್ಸಿಳಿದ ನನ್ನ ಬೆನ್ನು ತಟ್ಟಿ, ಸಿಂಗಾಪುರದ ‘ಲಾ’ ಬಾಲ ಹಚ್ಚಿ ಅವರು ಅಂದರು: “ಶೆಟ್ಟಿ, ಯುವರ್ ಪಂಪ್ ರಿಪೋರ್ಟ್ ವೆರಿ ಗುಡ್ ಲಾ!”

ಆ ರಿಪೋರ್ಟ್ ಬರೆದವನು ಶೆಟ್ಟಿಯೇ. ಎಂದಿನಂತೆ ತಿದ್ದಲು ಬಾಯಿ ತೆರೆದೆ. ಮುಚ್ಚಿದೆ. ಕಿಸೆಯಿಂದ ಪೆನ್ನು ತೆಗೆದು ಕೇಳಿದೆ: “ವಿಚ್ ಪೇಜ್, ಸರ್?”